ದ್ವೀಪದ ಹುಡುಗರು, ತರಗತಿಯ ಹುಡುಗರು

ವಿಲಿಯಂ ಗೋಲ್ಡಿಂಗನ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿ ಹುಟ್ಟಿದ್ದು ಪಾಠಶಾಲೆಯ ನೆರಳಿನಲ್ಲಿ; ಬೆಳೆದು ಹೋಗಿ ಸೇರಿದ್ದೂ ಪಾಠಶಾಲೆಯನ್ನೇ. ಆದರೆ ಹೋಗುವಾಗ ಅದು ತನ್ನ ಅರ್ಧ ಅರ್ಥವನ್ನು ಹೊರಗೆ ಬಿಟ್ಟು ಹೋಯಿತೆಂದು ನನಗೆ ತೋರುತ್ತದೆ.

ಗೋಲ್ಡಿಂಗ್ ಇಂಗ್ಲೆಂಡಿನ ಸಾಲ್ಸ್‌ಬರಿಯ ಬಿಷಪ್ ವರ್ಡ್ಸ್‌ವರ್ತ್ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ. ಮಹಾಯುದ್ಧದಲ್ಲಿ ನೌಕಾಪಡೆ ಸೇರಿ, ೧೯೪೪ರ ಜೂನಿನಲ್ಲಿ ನಾರ್ಮಂಡಿಯ ತೀರಕ್ಕೆ ರಾಕೆಟ್ ಹಾರಿಸುವ ನೌಕೆಯೊಂದನ್ನು ನಡೆಸಿಕೊಂಡು ಹೋದವನು. ಸಮಾಜವನ್ನು ತಿದ್ದಿದರೆ ಮನುಷ್ಯನೂ ತಿದ್ದಿಕೊಳ್ಳುತ್ತಾನೆಂಬ ಅವನ ನಂಬಿಕೆ ಅಲ್ಲಿ ಮುರಿದುಬಿತ್ತು. ೧೯೪೫ರಲ್ಲಿ ಮರಳಿ ಬಂದು ಕರಿಹಲಗೆಯ ಮುಂದೆ ನಿಂತ. ಪಾಠದ ವೇಳೆಯಲ್ಲೇ ಶಾಲೆಯ ನೋಟುಪುಸ್ತಕಗಳಲ್ಲಿ ಕಾದಂಬರಿ ಬರೆಯುತ್ತಿದ್ದನಂತೆ. ಮೇಷ್ಟ್ರ ಈ ಕಳ್ಳತನವನ್ನು ನಮ್ಮ ವೃತ್ತಿಯವರು ಕ್ಷಮಿಸಿಯಾರು.

ರಾತ್ರಿ ತನ್ನ ಮಕ್ಕಳಿಗೆ ಸಾಹಸದ ಕತೆಗಳನ್ನು ಓದಿ ಹೇಳುತ್ತಿದ್ದ ಅವನಿಗೆ, ದ್ವೀಪದಲ್ಲಿ ಸಿಕ್ಕಿದ ಹುಡುಗರು ನಿಜವಾಗಿ ಹೇಗೆ ನಡೆದುಕೊಂಡಾರೆಂದು ಬರೆಯುವ ಮನಸ್ಸಾಯಿತು. ಮನಸ್ಸಿನಲ್ಲಿದ್ದದ್ದು ಬ್ಯಾಲಂಟೈನನ ‘ದಿ ಕೋರಲ್ ಐಲೆಂಡ್’. ೧೮೫೭ರ ಆ ಪುಸ್ತಕದಲ್ಲಿ ಹಡಗು ಒಡೆದು ದ್ವೀಪ ಸೇರಿದ ಮೂವರು ಬಿಳಿಯ ಹುಡುಗರು ಸಜ್ಜನಿಕೆಯ ಮೂರ್ತಿಗಳು. ಕ್ರೌರ್ಯವೆಲ್ಲ ಕಡಲ್ಗಳ್ಳರದು, ನರಭಕ್ಷಕ ದ್ವೀಪವಾಸಿಗಳದು. ಬ್ಯಾಲಂಟೈನ್ ದಕ್ಷಿಣ ಸಾಗರವನ್ನು ಕಂಡವನಲ್ಲ. ಅಂಗಡಿಯಲ್ಲಿ ನೋಡಿದ ತೆಂಗಿನಕಾಯಿಯೇ ಮರದಲ್ಲಿಯೂ ಇರುತ್ತದೆಂಬಂತೆ ಬರೆದು ಎಡವಿದವನು! ಗೋಲ್ಡಿಂಗ್ ಅದೇ ರಾಲ್ಫ್, ಜಾಕ್ ಎಂಬ ಹೆಸರುಗಳನ್ನೇ ಇಟ್ಟ. ಯುದ್ಧಕಾಲದಲ್ಲಿ ವಿಮಾನ ಬಿದ್ದು ದ್ವೀಪ ಸೇರಿದ ಹುಡುಗರು ಮೊದಲು ಶಂಖ ಊದಿ ಸಭೆ ಕೂಡಿಸುತ್ತಾರೆ, ನಿಯಮ ಮಾಡುತ್ತಾರೆ. ಆಮೇಲೆ ಮುಖಕ್ಕೆ ಬಣ್ಣ, ಬೇಟೆ, ಕೊನೆಗೆ ಕೊಲೆ. ನಿಮ್ಮೊಳಗಿನ ಕೇಡನ್ನು ಪರರ ಮೇಲೆ ಹೊರಿಸಬೇಡಿರೆಂದು ಒಬ್ಬ ಇಂಗ್ಲಿಷ್ ಮೇಷ್ಟ್ರು ಇಂಗ್ಲಿಷರಿಗೆ ಕೊಟ್ಟ ಉತ್ತರವಿದು.

ಹಲವು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಕ್ಕೆ ಕಳುಹಿಸಿದ್ದರು. ಫೇಬರ್ ಸಂಸ್ಥೆಯ ಪರಿಶೀಲಕಿಯೂ ಕಸವೆಂದು ಬರೆದಿಟ್ಟಿದ್ದಳು. ಹೊಸದಾಗಿ ಸೇರಿದ್ದ ಸಂಪಾದಕ ಚಾರ್ಲ್ಸ್ ಮಾಂಟೀತ್ ಅದನ್ನು ಎತ್ತಿಕೊಂಡು, ಆರಂಭದ ಅಣುಯುದ್ಧದ ಭಾಗವನ್ನು ತೆಗೆಸಿ, ೧೯೫೪ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ. ಅಮೆರಿಕದಲ್ಲಿ ಮೊದಲು ಯಾರೂ ಕೇಳಲಿಲ್ಲ. ೧೯೫೯ರಲ್ಲಿ ಅಗ್ಗದ ಆವೃತ್ತಿ ಬಂದ ಮೇಲೆ ಕಾಲೇಜು ಹುಡುಗರ ಕೈಯಲ್ಲೆಲ್ಲ ಅದೇ. ಕ್ರಮೇಣ ಪಠ್ಯವಾಯಿತು.

ಪಠ್ಯವಾದ ಪುಸ್ತಕದ ಗತಿ ನಮಗೆ ಗೊತ್ತೇ ಇದೆ. ಶಂಖವೆಂದರೆ ಪ್ರಜಾಪ್ರಭುತ್ವ, ಪಿಗ್ಗಿಯ ಕನ್ನಡಕವೆಂದರೆ ವಿಜ್ಞಾನ: ಪರೀಕ್ಷೆಗೆ ಇಷ್ಟು ಸಾಕು. (ಆ ಕನ್ನಡಕ ಸಮೀಪದೃಷ್ಟಿಯವನದು, ಅದರಿಂದ ಬೆಂಕಿ ಹೊತ್ತುವುದೇ ಇಲ್ಲ. ಈ ತಪ್ಪನ್ನು ಹಿಡಿದ ಹುಡುಗನಿಗೆ ನಾನಾದರೆ ಪೂರ್ತಿ ಅಂಕ ಕೊಟ್ಟೇನು.) ಬ್ಯಾಲಂಟೈನನನ್ನು ಓದುವವರಿಲ್ಲವಾಗಿ, ಪ್ರಶ್ನೆ ಮರೆತುಹೋಯಿತು, ಉತ್ತರ ಮಾತ್ರ ಉಳಿಯಿತು. ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟರೆ ಮೃಗಗಳಾಗುತ್ತಾರೆಂಬುದೇ ಪಾಠವಾಯಿತು. ಆ ದ್ವೀಪಕ್ಕೆ ಹುಡುಗರನ್ನು ಕಳುಹಿಸಿದ್ದು ದೊಡ್ಡವರ ಯುದ್ಧ. ಕೊನೆಗೆ ಅವರನ್ನು ಕಾಪಾಡಲು ಬರುವ ಅಧಿಕಾರಿಯೂ ಯುದ್ಧನೌಕೆಯವನೇ. ಇದನ್ನು ಎಷ್ಟು ತರಗತಿಗಳಲ್ಲಿ ಒತ್ತಿ ಹೇಳುತ್ತಾರೆ?

ನನ್ನ ಕೈಯಲ್ಲಿ ಆ ಪಾಠವಿದ್ದರೆ ಈ ಎರಡು ಪುಸ್ತಕಗಳ ಜೊತೆಗೆ ನಡೆದ ಸಂಗತಿಯೊಂದನ್ನೂ ಇಡುತ್ತಿದ್ದೆ. ೧೯೬೫ರಲ್ಲಿ ಟೋಂಗಾ ದೇಶದ ಆರು ಮಂದಿ ಶಾಲಾ ಹುಡುಗರು ಬೆಸ್ತನೊಬ್ಬನ ದೋಣಿಯನ್ನು ಹೇಳದೆ ಕೇಳದೆ ತೆಗೆದುಕೊಂಡು ಹೊರಟು, ಬಿರುಗಾಳಿಗೆ ಸಿಕ್ಕಿ, ಆಟಾ ಎಂಬ ನಿರ್ಜನ ದ್ವೀಪ ಸೇರಿದರು. ಬ್ಯಾಲಂಟೈನ್ ನರಭಕ್ಷಕರೆಂದು ಚಿತ್ರಿಸಿದ್ದ ದಕ್ಷಿಣ ಸಾಗರದ ಜನರ ಮಕ್ಕಳಿವರು. ಇಬ್ಬಿಬ್ಬರಾಗಿ ಸರದಿಯಂತೆ ಕೆಲಸ ಹಂಚಿಕೊಂಡರು. ಜಗಳವಾದರೆ ಆಡಿಕೊಂಡವರು ದೂರ ಹೋಗಿ ಕೋಪ ಇಳಿದ ಮೇಲೆ ಬರಬೇಕು. ಒಬ್ಬನ ಕಾಲು ಮುರಿದಾಗ ಕಡ್ಡಿ ಕಟ್ಟಿ ಕೂಡಿಸಿದರು. ಕಟ್ಟಿಗೆ ಉಜ್ಜಿ ಹೊತ್ತಿಸಿದ ಬೆಂಕಿಯನ್ನು ವರ್ಷಕ್ಕೂ ಮೀರಿ ಆರಗೊಡಲಿಲ್ಲ. ೧೯೬೬ರ ಸೆಪ್ಟೆಂಬರಿನಲ್ಲಿ ಪೀಟರ್ ವಾರ್ನರ್ ಎಂಬ ಆಸ್ಟ್ರೇಲಿಯದ ನಾವಿಕ ಅವರನ್ನು ಕಂಡಾಗ ಆರು ಮಂದಿಯೂ ಗಟ್ಟಿಮುಟ್ಟಾಗಿದ್ದರು.

ಊರಿಗೆ ಮರಳಿದೊಡನೆ ಪೋಲೀಸರು ಹಿಡಿದು ಸೆರೆಯಲ್ಲಿಟ್ಟರು. ದೋಣಿಯ ಯಜಮಾನನ ದೂರು ಇನ್ನೂ ಹಾಗೆಯೇ ಇತ್ತು. ವಾರ್ನರ್ ಅದರ ಬೆಲೆ ತೆತ್ತು ಹುಡುಗರನ್ನು ಬಿಡಿಸಿಕೊಂಡ.