ಫಲಕದ ಮೇಲಣ ಅಂಕಿ

ಪೀಣ್ಯದ ಕೈಗಾರಿಕಾ ಬಡಾವಣೆಯಲ್ಲಿ ಹಳೆಯ ಲೇತೊಂದನ್ನು ಕೊಳ್ಳಹೊರಟ ಹೊಸಬನು ಮೊಟ್ಟಮೊದಲು ಬಗ್ಗಿ ನೋಡುವುದು ಅದರ ಮೋಟಾರಿಗೆ ಬಡಿದಿರುವ ತಗಡಿನ ಫಲಕವನ್ನು. ಇಷ್ಟು ಅಶ್ವಶಕ್ತಿ, ನಿಮಿಷಕ್ಕೆ ಇಷ್ಟು ಸುತ್ತು ಎಂದು ಅಲ್ಲಿ ಅಚ್ಚಾಗಿರುತ್ತದೆ. ಅವನ ಜೊತೆಗೆ ಬಂದ ಮುದಿ ಟರ್ನರನಾದರೋ ಆ ಫಲಕದ ಕಡೆಗೆ ಕಣ್ಣನ್ನೂ ಹಾಯಿಸದೆ, ಚಕ್ಕನ್ನು ಕೈಯಿಂದ ತಿರುಗಿಸಿ, ಬೆಡ್ಡಿನ ಸವೆತವನ್ನು ಬೆರಳಿನಿಂದ ತಡವಿ, ಸ್ಪಿಂಡಲಿನ ಅಲುಗಾಟವೆಷ್ಟೆಂಬುದನ್ನು ಸರಳೊಂದರಿಂದ ಮೀಟಿ ಅರಿತುಕೊಂಡು, 'ಆಗಬಹುದು' ಎಂದೋ 'ಬೇಡ ಬಿಡಿ' ಎಂದೋ ಹೇಳಿ ಬೀಡಿ ಹಚ್ಚುತ್ತಾನೆ. 1953ರಲ್ಲಿ ಜಾಲಹಳ್ಳಿಯ ಬಯಲಿನಲ್ಲಿ ಎಚ್.ಎಂ.ಟಿ. ಕಾರ್ಖಾನೆ ಸ್ಥಾಪಿತವಾದಂದಿನಿಂದ ಆ ಸೀಮೆಯ ಕೆಲಸಗಾರರು ತಲೆಮಾರಿನಿಂದ ತಲೆಮಾರಿಗೆ ಕೈಯಲ್ಲಿ ಇಟ್ಟುಕೊಟ್ಟ ವಿವೇಕ ಇದು. ಇದೇ ನಗರದ ಮೂಡಣ ಮತ್ತು ತೆಂಕಣ ಅಂಚುಗಳಲ್ಲಿ, ಎಂದರೆ ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ, ವಿದ್ಯಾವಂತ ತರುಣರು ಮತ್ತೊಂದು ಬಗೆಯ ಯಂತ್ರದ ಫಲಕವನ್ನು ಮುಂದಿಟ್ಟುಕೊಂಡು ಮೂವತ್ತು ವರ್ಷಗಳಿಂದ ನಡೆಸಿಕೊಂಡು ಬಂದಿರುವ ವಾಗ್ವಾದವನ್ನು ಕೇಳಿದಾಗಲೆಲ್ಲ ನನಗೆ ಆ ಟರ್ನರನು ನೆನಪಾಗುತ್ತಾನೆ. ಯಂತ್ರವೆಂದರೆ ಟಿ.ವಿ.ಗೆ ತಗುಲಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆ. ವಾದವೆಂದರೆ ಯಾವ ಪೆಟ್ಟಿಗೆಯ ಚಿತ್ರಶಕ್ತಿ ಹೆಚ್ಚಿನದು ಎಂಬುದು.

ನಮ್ಮ ನೈಯಾಯಿಕರು ಮಾತಿನ ಕಾಳಗವನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿದರು: ತತ್ತ್ವನಿರ್ಣಯಕ್ಕಾಗಿ ಆಡುವುದು ವಾದ, ಗೆಲ್ಲುವುದಕ್ಕಾಗಿ ಆಡುವುದು ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಎದುರಾಳಿಯನ್ನು ಕೆಡಹುವುದಕ್ಕಾಗಿ ಮಾತ್ರ ಆಡುವುದು ವಿತಂಡ. ಈ ಪೆಟ್ಟಿಗೆಗಳ ಚರಿತ್ರೆಯಲ್ಲಿ ಮೂರಕ್ಕೂ ಧಾರಾಳವಾಗಿ ನಿದರ್ಶನಗಳು ದೊರೆಯುತ್ತವೆ. ಮೊದಲನೆಯದಕ್ಕೆ ಕೊಂಚ ಕಡಿಮೆ ಎಂದು ಮಾತ್ರ ಹೇಳಬೇಕು.

ವಾದದ ನೆಲವನ್ನು ಒಮ್ಮೆ ನೋಡಿ ಮುಂದುವರಿಯೋಣ. ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಡಿ.ಎಸ್. ವೈಟ್ ಎಂಬವರ ಮುಂದಾಳ್ತನದಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರು ದಯಪಾಲಿಸಿದ 3,900 ಎಕರೆಗಳಲ್ಲಿ, ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು ನೆಲೆಗೊಂಡ ಊರು. ಅಲ್ಲಿ ಗಾಜಿನ ಸೌಧಗಳು ಎದ್ದದ್ದು ನೂರು ವರ್ಷಗಳಿಗೂ ಮೀರಿದ ಬಳಿಕ. ಎಲೆಕ್ಟ್ರಾನಿಕ್ ಸಿಟಿಯಾದರೋ 1976ರಲ್ಲಿ ಹುಟ್ಟಿದ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರ ಕನಸು, ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಅದನ್ನು ಬಿತ್ತಿದಾಗ ನಕ್ಕವರೇ ಹೆಚ್ಚು ಮಂದಿ ಇದ್ದಿರಬೇಕು.

ತೊಂಬತ್ತರ ದಶಕದಲ್ಲಿ ಪೀಣ್ಯದ ಕಾರ್ಮಿಕನ ಮನೆಗೂ ಹೊಸೂರು ರಸ್ತೆಯ ಇಂಜಿನಿಯರನ ಮನೆಗೂ ಬಂದ ಪೆಟ್ಟಿಗೆ ಬಹುಮಟ್ಟಿಗೆ ಒಂದೇ. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ಪ್ರತಿಕೃತಿಗಳು ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರುಗಳಲ್ಲಿ ಅಗ್ಗವಾಗಿ ಮಾರಾಟವಾಗುತ್ತಿದ್ದವು. ಮೂಲಯಂತ್ರದ ಹೆಸರು ಅರಿಯದ ಮಕ್ಕಳು ಅದನ್ನು 'ಟಿ.ವಿ. ಗೇಮ್' ಎಂದು ಕರೆದರು. ಅದರ ಆಟದ ಅಚ್ಚಿಗೆ 'ಕ್ಯಾಸೆಟ್' ಎಂದರು, ಒಳಗೆ ಸುರುಳಿಯೂ ಇಲ್ಲ ಟೇಪೂ ಇಲ್ಲ ಎಂಬುದು ಆ ಹೆಸರಿಗೆ ಅಡ್ಡಿಯಾಗಲಿಲ್ಲ. ಆಟ ಮೂಡದಿದ್ದರೆ ಕ್ಯಾಸೆಟ್ಟನ್ನು ಕಿತ್ತು, ಅದರ ಬಾಯಿಗೆ ಉಫ್ ಎಂದು ಊದಿ, ಮತ್ತೆ ಸಿಕ್ಕಿಸಬೇಕು. ಮಲ್ಲೇಶ್ವರದಲ್ಲಿಯೂ ದಾಸರಹಳ್ಳಿಯಲ್ಲಿಯೂ ಈ ಮಂತ್ರಚಿಕಿತ್ಸೆ ಒಂದೇ ವಿಧಿಯಿಂದ ನಡೆಯುತ್ತಿತ್ತು. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನ ಮಳಿಗೆಗಳಲ್ಲಿ ಲಕ್ಷಾಂತರ ಆಟಗಳುಂಟೆಂದು ಮೇಲೆ ಬರೆದುಕೊಂಡ ಕ್ಯಾಸೆಟ್ಟನ್ನು ತಂದು ನೋಡಿದರೆ, ಏಳೆಂಟು ಆಟಗಳೇ ಬೇರೆ ಬೇರೆ ಹೆಸರಿನಿಂದ ಪುನರವತರಿಸುತ್ತಿದ್ದವು. ಫಲಕದ ಮೇಲಣ ಅಂಕಿಗೂ ಒಳಗಣ ಸತ್ಯಕ್ಕೂ ಇರುವ ದೂರವನ್ನು ನಮ್ಮ ಮಕ್ಕಳಿಗೆ ಮೊದಲು ಕಲಿಸಿದ ಗುರು ಆ ಕ್ಯಾಸೆಟ್ಟೇ ಇರಬೇಕು. ಕಲಿತವರು ಕಡಿಮೆ ಎಂಬುದು ಬೇರೆ ಮಾತು.

ಆ ಕಾಲದ ವಾದಕ್ಕೆ ಪ್ರಮಾಣವಾಗಿದ್ದ ಶಬ್ದ 'ಬಿಟ್'. ನಮ್ಮ ಪೆಟ್ಟಿಗೆ ಎಂಟು ಬಿಟ್ಟಿನದು, ಸೇಗಾದ ಮೆಗಾ ಡ್ರೈವ್ ಹದಿನಾರು ಬಿಟ್ಟಿನದು. ಈ ಎರಡನೆಯದು ಭಾರತಕ್ಕೆ ಬಂದ ಬಗೆ ಸ್ವಾರಸ್ಯಕರ: ಆಮದಿನ ಮೇಲೆ 80 ಪ್ರತಿಶತ ಸುಂಕವಿದ್ದ ಕಾರಣ, 1995ರಲ್ಲಿ ಸೇಗಾ ಸಂಸ್ಥೆಯು ಮದ್ಯದ ವ್ಯಾಪಾರಕ್ಕೆ ಹೆಸರಾದ ಶಾ ವಾಲೇಸ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಬೆಲೆ 18,000 ರೂಪಾಯಿ. ಅಂದಿನ ಮಧ್ಯಮವರ್ಗದ ಗೃಹಸ್ಥನು ಆ ಹಣಕ್ಕೆ ಮತ್ತೊಂದಿಷ್ಟು ಕೂಡಿಸಿ ಸ್ಕೂಟರಿನ ಕಡೆಗೆ ನೋಡುತ್ತಿದ್ದನೇ ಹೊರತು ಮಗನ ಆಟದ ಕಡೆಗಲ್ಲ. ಆದುದರಿಂದ ಹದಿನಾರು ಬಿಟ್ಟಿನ ಮಹಿಮೆಯನ್ನು ಕೊಂಡಾಡಿದ ಬಾಲಕರಲ್ಲಿ ಬಹುಮಂದಿ ಅದನ್ನು ಕಣ್ಣಿನಿಂದ ಕಂಡವರಲ್ಲ. ಕಾಣದುದರ ವಿಷಯದಲ್ಲಿ ವಾದ ಹೆಚ್ಚು ಬಿಸಿಯಾಗುವುದು ಲೋಕರೂಢಿಯೇ ಆಗಿದೆಯಷ್ಟೆ.

ಬಿಟ್ಟೆಂಬ ಆ ಪ್ರಮಾಣವಾದರೂ ಎಷ್ಟು ಸಡಿಲವಾದದ್ದು! ಸಂಸ್ಕಾರಕವು ಒಂದು ಹಿಡಿಯಲ್ಲಿ ಎಷ್ಟು ಅಂಕಗಳನ್ನು ಎತ್ತಬಲ್ಲದೆಂಬುದನ್ನು ಅದು ಸೂಚಿಸುತ್ತದೆಯೇ ವಿನಾ, ತೆರೆಯ ಮೇಲೆ ಎಷ್ಟು ಬಣ್ಣ, ಎಷ್ಟು ಚಲನೆ ಮೂಡೀತೆಂಬುದನ್ನಲ್ಲ. 1993ರಲ್ಲಿ ಅಟಾರಿ ಸಂಸ್ಥೆ ತನ್ನ ಜಾಗ್ವಾರ್ ಪೆಟ್ಟಿಗೆ ಅರವತ್ತನಾಲ್ಕು ಬಿಟ್ಟಿನದೆಂದೂ, ಅನುಮಾನವಿದ್ದವರು ಲೆಕ್ಕ ಹಾಕಿಕೊಳ್ಳಲೆಂದೂ ಜಾಹೀರುಮಾಡಿತು. ಒಳಗಿದ್ದ ಚಿಪ್ಪುಗಳಲ್ಲಿ ಒಂದು ಮೆಗಾ ಡ್ರೈವಿನಲ್ಲಿದ್ದ ಮೋಟೊರೋಲಾ 68000 ಜಾತಿಯದೇ. ಲೆಕ್ಕ ಹಾಕಿದವರು ಮೂವತ್ತೆರಡೇ ಬಿಟ್ಟಿನ ಪ್ಲೇಸ್ಟೇಷನ್ ಕೊಂಡರು. ಜಾಗ್ವಾರ್ ಮೂರು ವರ್ಷ ತುಂಬುವುದರೊಳಗೆ ಅಸ್ತಂಗತವಾಯಿತು.

ಬಿಟ್ಟಿನ ಸಿಂಹಾಸನವನ್ನು ಮುಂದೆ ಏರಿದ ಶಬ್ದ 'ಟೆರಾಫ್ಲಾಪ್': ದಶಾಂಶಬಿಂದುವುಳ್ಳ ಸಂಖ್ಯೆಗಳ ಮೇಲೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಗಣನೆ. ಇಲ್ಲಿ ನಮ್ಮ ಬೆಂಗಳೂರು ಬರಿಯ ಪ್ರೇಕ್ಷಕನಲ್ಲ ಎಂಬುದನ್ನು ಕೊಂಚ ವಿಸ್ತರಿಸಿ ಹೇಳಬೇಕು. ಪ್ರಪಂಚದಲ್ಲಿ ಆ ಗೆರೆಯನ್ನು ಮೊದಲು ದಾಟಿದ ಅಮೆರಿಕದ ಆಸ್ಕಿ ರೆಡ್ ಎಂಬ ಗಣಕ, 1996ರ ಕೊನೆಯಲ್ಲಿ, ಏಳು ಸಾವಿರಕ್ಕೂ ಹೆಚ್ಚು ಸಂಸ್ಕಾರಕಗಳನ್ನು ದೊಡ್ಡದೊಂದು ಮನೆಯಷ್ಟು ಜಾಗದಲ್ಲಿ ಹರಡಿಕೊಂಡು, ಐನೂರಕ್ಕೂ ಹೆಚ್ಚು ಕಿಲೋವಾಟ್‌ಗಳನ್ನು ನುಂಗುತ್ತಿತ್ತು. ನಮ್ಮ ದೇಶ ಆ ಗೆರೆಯ ಬಳಿಗೆ ಬಂದದ್ದು ಸಿ-ಡ್ಯಾಕ್ ಸಂಸ್ಥೆಯ ಪರಮ್ ಪದ್ಮದಿಂದ. ವೈಟ್‌ಫೀಲ್ಡಿನ ಕಡೆಗೆ ಸಾಗುವ ಹಳೆಯ ಮದರಾಸು ರಸ್ತೆಯಲ್ಲಿ, ಬೈಯಪ್ಪನಹಳ್ಳಿಯ ನಾಲೆಜ್ ಪಾರ್ಕಿನಲ್ಲಿ ಅದನ್ನು ಸ್ಥಾಪಿಸಿದ್ದರು. ಅದರ 248 ಸಂಸ್ಕಾರಕಗಳ ಪರಮಾವಧಿ ಶಕ್ತಿ ಹೆಚ್ಚುಕಡಿಮೆ ಒಂದು ಟೆರಾಫ್ಲಾಪ್. 2003ರ ಜೂನ್ ತಿಂಗಳ ಜಾಗತಿಕ ಪಟ್ಟಿಯಲ್ಲಿ ಅದಕ್ಕೆ 171ನೆಯ ಸ್ಥಾನ. ಆದರೆ ಆ ಪಟ್ಟಿಯವರು ಮೋಟಾರಿನ ಫಲಕವನ್ನು ನಂಬುವವರಲ್ಲ, ಚಕ್ಕನ್ನು ತಿರುಗಿಸಿ ನೋಡುವವರು: ಗೊತ್ತಾದ ಲೆಕ್ಕವೊಂದನ್ನು ಬಿಡಿಸಲು ಕೊಟ್ಟು ಅಳೆದಾಗ ಆ ಯಂತ್ರ ತೋರಿಸಿದ ಶಕ್ತಿ ಹೇಳಿಕೊಂಡುದರ ಅರ್ಧಕ್ಕಿಂತ ಸ್ವಲ್ಪ ಮೇಲು. ಇದು ಪರಮ್ ಪದ್ಮದ ದೋಷವಲ್ಲ, ಅಂಥ ಯಂತ್ರಗಳೆಲ್ಲದರ ಸ್ವಭಾವ. ನಾಲ್ಕು ವರ್ಷಗಳ ನಂತರ, 2007ರಲ್ಲಿ, ಇಂಟೆಲ್ ಸಂಸ್ಥೆ ಎಂಬತ್ತು ಗಣಕಕೋಶಗಳ ಪ್ರಾಯೋಗಿಕ ಚಿಪ್ಪೊಂದನ್ನು ಪ್ರದರ್ಶಿಸಿತು. ಉಗುರಿನಗಲದ ಆ ಸಿಲಿಕಾನ್ ಚೂರು 62 ವಾಟ್‌ನಲ್ಲಿ, ಎಂದರೆ ಒಂದು ಹಳೆಯ ಬಲ್ಬಿನಷ್ಟು ವಿದ್ಯುತ್ತಿನಲ್ಲಿ, ಒಂದು ಟೆರಾಫ್ಲಾಪನ್ನು ಸಾಧಿಸಿತು. ಅದರ ವಿನ್ಯಾಸದಲ್ಲಿ ಅಮೆರಿಕದ ತಜ್ಞರೊಂದಿಗೆ ಬೆಂಗಳೂರಿನ ಪ್ರಯೋಗಾಲಯದವರೂ ಕೈಗೂಡಿಸಿದ್ದರು.

ಆಟದ ಪೆಟ್ಟಿಗೆಯವರು ಆ ಗೌರವವಾಚಕವನ್ನು ಎತ್ತಿಕೊಂಡದ್ದು ಅದಕ್ಕೂ ಮೊದಲೇ. 2005ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360ಕ್ಕೆ ಒಂದು ಟೆರಾಫ್ಲಾಪ್ ಎಂದರೆ, ಸೋನಿ ತನ್ನ ಪ್ಲೇಸ್ಟೇಷನ್ 3ಕ್ಕೆ ಎರಡು ಎಂದಿತು. ಮೊದಲನೆಯದು ಭಾರತಕ್ಕೆ 2006ರಲ್ಲಿ ಬಂತು, ಎರಡನೆಯದು 2007ರಲ್ಲಿ 39,990 ರೂಪಾಯಿಗೆ. ಇನ್ನು 2013ರಲ್ಲಿ ಅದೇ ಸೋನಿ ಹೊರತಂದ, ಚಿತ್ರಶಕ್ತಿಯಲ್ಲಿ ಶ್ರೇಷ್ಠತರವಾದ ಪ್ಲೇಸ್ಟೇಷನ್ 4ರ ಫಲಕದಲ್ಲಿ ಇದ್ದ ಅಂಕಿ 1.84. ಹಿರಿಯಣ್ಣನಿಗೆ ಎರಡು, ಅವನನ್ನು ಎಡಗೈಯಲ್ಲಿ ಎತ್ತಬಲ್ಲ ತಮ್ಮನಿಗೆ ಎರಡಕ್ಕಿಂತ ಕಡಿಮೆ! ಮೊದಲ ಲೆಕ್ಕದಲ್ಲಿ ಪೆಟ್ಟಿಗೆಯೊಳಗೆ ಮಿಸುಕಾಡುವ ಸರ್ವವನ್ನೂ ಎಣಿಸಿದ್ದರು, ಎರಡನೆಯದರಲ್ಲಿ ಎಣಿಸಬೇಕಾದುದನ್ನು ಮಾತ್ರ ಎಣಿಸಿದರು.

ಆ ವರ್ಷದ ಎದುರಾಳಿ ಎಕ್ಸ್‌ಬಾಕ್ಸ್ ಒನ್. ಅದರ ಅಂಕಿ 1.31. ಆದರೆ ಎರಡರ ನಡುವಣ ವ್ಯತ್ಯಾಸದಲ್ಲಿ ನೆನಪಿನ ಕೋಶದಿಂದ ಚಿತ್ರಕೋಶಕ್ಕೆ ದತ್ತಾಂಶ ಹರಿದುಬರುವ ವೇಗಕ್ಕೂ ದೊಡ್ಡ ಪಾಲು ಸಲ್ಲಬೇಕು: ಪ್ಲೇಸ್ಟೇಷನ್ನಿನಲ್ಲಿ ಸೆಕೆಂಡಿಗೆ 176 ಗಿಗಾಬೈಟ್, ಎಕ್ಸ್‌ಬಾಕ್ಸಿನಲ್ಲಿ 68, ಕೊರತೆ ತುಂಬಲು 32 ಮೆಗಾಬೈಟಿನ ಪುಟ್ಟದೊಂದು ಉಗ್ರಾಣ. ಕೆರೆ ಎಷ್ಟು ದೊಡ್ಡದಾದರೇನು, ತೂಬು ಕಿರಿದಾದರೆ ಗದ್ದೆಗೆ ಬರುವ ನೀರು ತೂಬಿನಷ್ಟೇ ಎಂಬುದು ವರ್ತೂರು ಕೆರೆಯ ಕೆಳಗೆ ಭತ್ತ ಬೆಳೆದ ಒಕ್ಕಲಿಗರಿಗೆ ಗೊತ್ತಿದ್ದ ಸಂಗತಿ. 'ಕಾಲ್ ಆಫ್ ಡ್ಯೂಟಿ: ಘೋಸ್ಟ್ಸ್' ಎಂಬ ಆಟವು ಮೊದಲನೆಯದರಲ್ಲಿ 1080 ಸಾಲುಗಳಲ್ಲಿಯೂ ಎರಡನೆಯದರಲ್ಲಿ 720 ಸಾಲುಗಳಲ್ಲಿಯೂ ಮೂಡಿದಾಗ ಎದ್ದ ಕೋಲಾಹಲ ಎಲೆಕ್ಟ್ರಾನಿಕ್ ಸಿಟಿಯ ಚಹಾದಂಗಡಿಗಳವರೆಗೂ ಕೇಳಿಸಿತು. ವಿಚಿತ್ರವೇನೆಂದರೆ ಎರಡು ಪೆಟ್ಟಿಗೆಗಳ ಹೃದಯಗಳನ್ನೂ ರೂಪಿಸಿದ್ದು ಎ.ಎಂ.ಡಿ. ಎಂಬ ಒಂದೇ ಸಂಸ್ಥೆ. ಒಂದೇ ಗರಡಿಯ ಇಬ್ಬರು ಜಟ್ಟಿಗಳಿಗಾಗಿ ಊರು ಎರಡು ಪಾಳಯವಾಗಿತ್ತು.

2020ರ ನವೆಂಬರಿನಲ್ಲಿ ಅದೇ ಗರಡಿಯಿಂದ ಮತ್ತೊಂದು ಜೋಡಿ ಹೊರಬಂದಾಗ, ಸಾಂಕ್ರಾಮಿಕದ ದೆಸೆಯಿಂದ ವೈಟ್‌ಫೀಲ್ಡಿನ ಕಚೇರಿಗಳು ಬರಿದಾಗಿದ್ದವು. ಚಿಪ್ಪಿನ ಕಸುಬಿನವನಾದ ನನ್ನ ತಂಗಿಯ ಮಗ ಮನೆಯ ಊಟದ ಮೇಜನ್ನೇ ಕಚೇರಿ ಮಾಡಿಕೊಂಡು, ಬಿಡುವಿನಲ್ಲಿ ಗೆಳೆಯರೊಡನೆ ಫೋನಿನಲ್ಲಿ ಜಗಳವಾಡುತ್ತಿದ್ದ. 'ಹನ್ನೆರಡು ಟೆರಾಫ್ಲಾಪ್ ಕಣೋ ಮಗಾ!' ಎಂದು ಆಚೆಯವನು ಕಿರುಚಿದ್ದು ನನಗೂ ಕೇಳಿಸಿತು. ಏನಪ್ಪಾ ಅದು ಎಂದು ಕೇಳಿದೆ. 'ಬರೀ ಗುಣಾಕಾರ, ಮಾವ' ಎಂದು ಹಳೆಯ ಲಕೋಟೆಯ ಬೆನ್ನ ಮೇಲೆ ಬರೆದು ತೋರಿಸಿದ: ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 52 ಗಣನಾಘಟಕ, ಪ್ರತಿಯೊಂದರಲ್ಲಿ 64 ಸಾಲು, ಸಾಲಿಗೆ ಒಂದು ಗುಣಾಕಾರ ಒಂದು ಕೂಡಿಕೆ ಸೇರಿ ಎರಡು, ಸೆಕೆಂಡಿಗೆ 182.5 ಕೋಟಿ ಮಿಡಿತ, ಗುಣಿಸಿದರೆ 12.15. ಪ್ಲೇಸ್ಟೇಷನ್ 5ರಲ್ಲಿ 36 ಘಟಕ, 223 ಕೋಟಿ ಮಿಡಿತ, 10.28. ಹಾಗಾದರೆ ಹನ್ನೆರಡರದೇ ಗೆಲುವಲ್ಲವೆ ಎಂದೆ. ಅವನು ನಕ್ಕು, ಎಲ್ಲ ಘಟಕಗಳಿಗೂ ಪ್ರತಿ ಮಿಡಿತದಲ್ಲೂ ಕೆಲಸ ಸಿಕ್ಕರೆ ತಾನೆ ಈ ಲೆಕ್ಕ, ಸಿಕ್ಕುವುದಿಲ್ಲ ಎಂದ. ಎರಡನೆಯ ಪೆಟ್ಟಿಗೆಯ ಉಗ್ರಾಣದಿಂದ ಸೆಕೆಂಡಿಗೆ 5.5 ಗಿಗಾಬೈಟ್ ಸುರಿದರೆ ಮೊದಲನೆಯದರಿಂದ ಬರುವುದು 2.4 ಎಂದ, ಬೈಯಪ್ಪನಹಳ್ಳಿಯ ಟೆರಾಫ್ಲಾಪಿಗೆ 64 ಬಿಟ್ಟಿನ ಸಂಖ್ಯೆ, ಪೆಟ್ಟಿಗೆಯದಕ್ಕೆ 32, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು ಎಂದೂ ಸೇರಿಸಿದ. ಇಷ್ಟೆಲ್ಲ ಬಲ್ಲವನು ಫೋನೆತ್ತಿಕೊಂಡ ಮರುಕ್ಷಣ ಮತ್ತೆ ತನ್ನ ಪಾಳಯದ ಅಂಕಿಯನ್ನೇ ಹಿಡಿದು ಕೂಗತೊಡಗಿದ.

ಈ ವಾದದಲ್ಲಿ ಯಾರ ಬಾಯಲ್ಲಿಯೂ ಬಾರದ ಒಂದು ವರ್ಗವುಂಟು. 1997ರಲ್ಲಿ ರಾಜೇಶ್ ರಾವ್ ಅವರು ಇದೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟ-ತಯಾರಿಕೆಯ ಸಂಸ್ಥೆಯನ್ನು ಆರಂಭಿಸಿದರು. ಫೋರ್ಜಾ ಮಾಲೆಯ ಮೋಟಾರು ಪಂದ್ಯದ ಆಟಗಳಂಥ ಹೊರನಾಡಿನ ಪ್ರಸಿದ್ಧ ಕೃತಿಗಳಿಗೆ ಇಲ್ಲಿಯ ಕಲಾವಿದರು ರೂಪಗಳನ್ನು ಮಾಡಿಕೊಟ್ಟರು. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಮೊದಲ ಪ್ಲೇಸ್ಟೇಷನ್ನಿನ ಕಾಲದಲ್ಲಿ ಕೆಲವು ನೂರು ಬಹುಭುಜಗಳನ್ನು ಜೋಡಿಸಿದರೆ ಒಂದು ಕಾರಾಗುತ್ತಿತ್ತು, ಚಕ್ರ ಎಂಟು ಮೂಲೆಯದಾದರೂ ಯಾರೂ ತಕರಾರೆತ್ತುತ್ತಿರಲಿಲ್ಲ. ಪೆಟ್ಟಿಗೆಯ ಶಕ್ತಿ ಏರಿದಂತೆಲ್ಲ ಆ ನೂರು ಸಾವಿರವಾಗಿ, ಸಾವಿರ ಲಕ್ಷವಾಗಿ, ಕೊನೆಗೆ ಸೀಟಿನ ಚರ್ಮದ ಹೊಲಿಗೆಯ ದಾರವನ್ನೂ ದೀಪದ ಗಾಜಿನೊಳಗಣ ಪ್ರತಿಫಲಕವನ್ನೂ ಬಿಡದೆ ಮಾಡಬೇಕಾಯಿತು. ಯಂತ್ರಕ್ಕೆ ಅಷ್ಟನ್ನು ತೋರಿಸುವ ತಾಕತ್ತು ಬಂತೆಂದರೆ, ಯಾರೋ ಒಬ್ಬ ಮನುಷ್ಯ ಅಷ್ಟನ್ನೂ ಕುಳಿತು ಮಾಡಬೇಕೆಂದೇ ಅರ್ಥ. ಟೆರಾಫ್ಲಾಪನ್ನು ಎಣಿಸಿದವರುಂಟು, ಒಂದು ಕಾರಿನ ಮುಂದೆ ವಾರಗಟ್ಟಲೆ ಕುಳಿತ ಆ ಹುಡುಗ ಹುಡುಗಿಯರ ರಾತ್ರಿಗಳನ್ನು ಪೆಟ್ಟಿಗೆಯ ಫಲಕದಲ್ಲಿ ಬರೆದವರಿಲ್ಲ.

2024ರ ನವೆಂಬರಿನಲ್ಲಿ ಸೋನಿ 16.7 ಟೆರಾಫ್ಲಾಪಿನ ಪ್ಲೇಸ್ಟೇಷನ್ 5 ಪ್ರೋ ಎಂಬುದನ್ನು ಲೋಕಕ್ಕೆ ನೀಡಿತು. ಭಾರತಕ್ಕೆ ನೀಡಲಿಲ್ಲ. ಕಾರಣ ಚಿತ್ರಶಕ್ತಿಯೂ ಅಲ್ಲ, ಬೆಲೆಯೂ ಅಲ್ಲ: ಅದರೊಳಗಣ ವೈ-ಫೈ ಬಳಸುವ 6 ಗಿಗಾಹರ್ಟ್ಸ್ ತರಂಗಪಟ್ಟಿಗೆ ನಮ್ಮಲ್ಲಿ ಆಗ ಅನುಮತಿ ಇರಲಿಲ್ಲ. ನನ್ನ ಸೋದರಳಿಯನ ಪಾಳಯದವರು ಆ ವಾರವೆಲ್ಲ ಅಂಗಡಿಗೆ ಬಾರದ ಆ ಯಂತ್ರದ ಚಿತ್ರಗಳನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತ, ಹುಲ್ಲಿನ ಎಸಳು ಹಳೆಯ ಪೆಟ್ಟಿಗೆಗಿಂತ ಎಷ್ಟು ಚೂಪಾಗಿದೆಯೆಂದು ವಾದಿಸಿದರು. ತೊಂಬತ್ತೈದರಲ್ಲಿ ಹದಿನಾರು ಬಿಟ್ಟಿನ ಬಗ್ಗೆ ವಾದಿಸಿದ ಬಾಲಕರಲ್ಲಿ ಇಬ್ಬರು ಅವರ ನಡುವೆಯೇ ಇದ್ದರು.