ಬೀಡಿಯ ಕೂಲಿ ಮತ್ತು ಸರ್ಕಾರದ ಅಕ್ಕಿ

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳ ಅನೇಕ ಜಗಲಿಗಳಲ್ಲಿ ಮಡಿಲ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು ಈಗಲೂ ಕಾಣುತ್ತಾರೆ. ಎಲೆ, ಹೊಗೆಸೊಪ್ಪು ಬ್ರಾಂಚಿನಿಂದ ಬರುತ್ತದೆ. ಜಾಗ, ಬೆಳಕು, ಬೆನ್ನುನೋವು ಕಟ್ಟುವವರದು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ.

ಈ ಕೆಲಸ ಮನೆಯ ಜಗಲಿಯಲ್ಲೇ ಉಳಿದದ್ದರ ಹಿಂದೆ ಒಂದು ಚರಿತ್ರೆಯಿದೆ. ಬೀಡಿ ಕಾರ್ಮಿಕರಿಗೆ ರಜೆ, ಕೆಲಸದ ಅವಧಿ ಮುಂತಾದ ಹಕ್ಕು ಕೊಡುವ ಕೇಂದ್ರ ಕಾಯ್ದೆ ಬಂದದ್ದು 1966ರಲ್ಲಿ. ಅದನ್ನು ಜಾರಿ ಮಾಡಲು ಕೇರಳ ಹೊರಟಾಗ, 1968ರಲ್ಲಿ ಮಂಗಳೂರು ಗಣೇಶ್ ಬೀಡಿ ಕಂಪನಿ ಕಣ್ಣೂರಿನ ಕೆಲಸವನ್ನೇ ನಿಲ್ಲಿಸಿತು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಅವರಿಗಾಗಿ 1969ರಲ್ಲಿ ಹುಟ್ಟಿದ ಸಹಕಾರ ಸಂಘವೇ ದಿನೇಶ್ ಬೀಡಿ. ನಮ್ಮ ಕಡೆ ಗುತ್ತಿಗೆದಾರರ ಮೂಲಕ ಮನೆಮನೆಗೆ ಎಲೆ ಕೊಡುವ ಪದ್ಧತಿಯೇ ಮುಂದುವರಿಯಿತು. ಕಾಯ್ದೆಯನ್ನು ಪ್ರಶ್ನಿಸಿ ಕಂಪನಿ ಸುಪ್ರೀಂ ಕೋರ್ಟಿಗೂ ಹೋಯಿತು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕಟ್ಟುವವರಿಗೂ ಪಿ.ಎಫ್. ಸಲ್ಲಬೇಕೆಂಬ ತೀರ್ಪು 1985ರಲ್ಲಿ, ಇನ್ನೊಂದು ಮೊಕದ್ದಮೆಯಲ್ಲಿ ಬಂತು.

ಅಷ್ಟರಲ್ಲಿ, 1976ರಲ್ಲಿ, ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಶುರುವಾಗಿತ್ತು. ಮಕ್ಕಳ ವಿದ್ಯಾರ್ಥಿವೇತನ, ಮನೆ ಕಟ್ಟಲು ಸಹಾಯಧನ, ಔಷಧ ಎಲ್ಲವೂ ಅದರಿಂದ. ಹಣ ಬರುತ್ತಿದ್ದುದು ತಯಾರಾದ ಬೀಡಿಯ ಮೇಲಿನ ಸೆಸ್‌ನಿಂದ. ಕೂಲಿ ಕಡಿಮೆಯಾದರೂ, ಅದರಿಂದ ಉಳಿದ ಕೊರತೆಯಲ್ಲಿ ಸ್ವಲ್ಪವನ್ನಾದರೂ ಬೀಡಿಯೇ ತುಂಬಿಕೊಡಬೇಕು ಎಂಬುದು ಅದರ ತತ್ವ.

2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ ರದ್ದಾಯಿತು. ಯೋಜನೆಗಳು ಉಳಿದವು, ಆದರೆ ಖರ್ಚು ಕೇಂದ್ರದ ಸಾಮಾನ್ಯ ಬಜೆಟ್ಟಿಗೆ ಬಿತ್ತು. ಅದರ ಜೊತೆಗೆ 2013ರಿಂದ ಅನ್ನಭಾಗ್ಯದ ಅಕ್ಕಿಯೂ ಇದೆ. ಅತ್ತ ಬೀಡಿಯ ಮೇಲಿನ ತೆರಿಗೆ ಮೊದಲಿನಿಂದಲೂ ಸಿಗರೇಟಿನದಕ್ಕಿಂತ ತೀರಾ ಕಡಿಮೆ. 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿ ಅದನ್ನು ಶೇ. 28ರಿಂದ 18ಕ್ಕೆ, ಬೀಡಿ ಎಲೆಯದನ್ನು ಶೇ. 18ರಿಂದ 5ಕ್ಕೆ ಇಳಿಸಲು ತೀರ್ಮಾನಿಸಿತು. ಬಡವರ ಕೆಲಸ ಉಳಿಯಲಿ ಎಂಬುದು ಇಂಥ ರಿಯಾಯಿತಿಗೆ ಸದಾ ಕೊಡುವ ಕಾರಣ. ಆದರೆ ತೆರಿಗೆ ಇಳಿದಷ್ಟು ಕೂಲಿ ಏರಬೇಕೆಂಬ ಷರತ್ತು ಅದಕ್ಕಿಲ್ಲ.

ಅಕ್ಕಿ, ವಿದ್ಯಾರ್ಥಿವೇತನ ಬೇಡವೆಂದು ಹೇಳುತ್ತಿಲ್ಲ. ಅವಿಲ್ಲದಿದ್ದರೆ ಎಷ್ಟೋ ಒಲೆ ಉರಿಯದು. ಆದರೆ ದಿನವಿಡೀ ದುಡಿದವಳಿಗೆ ಊಟಕ್ಕೆ ಸಾಲದ ಕೂಲಿ ಕೊಟ್ಟು, ಉಳಿದದ್ದನ್ನು ಸರ್ಕಾರ ಭರಿಸಿದರೆ, ಆ ನೆರವಿನ ಒಂದು ಪಾಲು ಬೀಡಿ ಮಾಲೀಕರಿಗೂ ಸಂದಂತೆಯೇ. ಸರ್ಕಾರದ ಅಕ್ಕಿ ತಿಂದು ಜನ ಸೋಮಾರಿಗಳಾದರು ಎನ್ನುವವರು ಒಮ್ಮೆ ಆ ಜಗಲಿಯಲ್ಲಿ ಕೂತು ಸಾವಿರ ಬೀಡಿ ಎಣಿಸಲಿ.