ರಸ್ತೆಯ ಆಚೆ ಕೇರಿ, ಈಚೆ ಶಾಲೆ



ಮೊನ್ನೆ ಸ್ನೇಹಿತರೊಬ್ಬರು "ಈಗ ಯಾರೂ ನಡೆಯೋದೇ ಇಲ್ಲ, ಸೈಕಲ್ ತುಳಿಯೋದೇ ಇಲ್ಲ, ಜನ ಸೋಮಾರಿಗಳಾಗಿದ್ದಾರೆ" ಅಂದರು. ಯಾರೂ ಅಂದರೆ ಯಾರು? ಬೆಳಿಗ್ಗೆ ಕುಮಟಾದ ಗಿಬ್ ಸರ್ಕಲ್ಲಿನಲ್ಲಿ ನಿಂತು ನೋಡಿ. ತರಕಾರಿ ಬುಟ್ಟಿ ಹೊತ್ತ ಹಾಲಕ್ಕಿ ಹೆಂಗಸರು, ಮೀನು ಮಾರುವವರು, ಪೊರಕೆ ಹಿಡಿದ ಪೌರಕಾರ್ಮಿಕರು. ನಡೆಯುವವರು ಇದ್ದಾರೆ, ಲೆಕ್ಕಕ್ಕಿಲ್ಲ ಅಷ್ಟೆ.

ನಡೆಯೋದು, ಸೈಕಲ್ ತುಳಿಯೋದು ಅವರವರ ಇಷ್ಟ, ಆರೋಗ್ಯದ ಕಾಳಜಿ ಅಂತ ಪೇಪರಿನಲ್ಲಿ ಬರೀತಾರೆ. ನಮ್ಮ ಜನಕ್ಕೆ ಮೊದಲಿನ ಪ್ರಶ್ನೆಯೇ ಬೇರೆ ಇತ್ತು. ಈ ರಸ್ತೆ ಮೇಲೆ ಕಾಲಿಡೋಕೆ ಬಿಡ್ತಾರಾ?

ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿ 66 (ಮೊದಲು 17 ಅಂತಿದ್ದೆವು) ಕುಮಟಾ, ಹೊನ್ನಾವರ, ಭಟ್ಕಳ ಮೂರನ್ನೂ ಸೀಳಿಕೊಂಡು ಹೋಗ್ತದೆ. ಇದೇ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಮಹಾಡ್. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಚವದಾರ್ ಕೆರೆಯ ನೀರು ಮುಟ್ಟಿದ್ದು ಅಲ್ಲೇ. ಅದರ ಬೆನ್ನಿಗಿದ್ದದ್ದು ಮುಂಬೈ ಶಾಸನಸಭೆಯ 1923ರ ಬೋಲೆ ನಿರ್ಣಯ. ಆಗ ನಮ್ಮ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಅಂದರೆ ಆ ನಿರ್ಣಯ ಭಟ್ಕಳದ ಸರ್ಕಾರಿ ಬಾವಿಗೂ ಸೇರಿದ್ದು. ಶಾಲೆಯಲ್ಲಿ ನಮಗೆ ಇದನ್ನು ಯಾರೂ ಹೇಳಲಿಲ್ಲ ಬಿಡಿ.

ದಕ್ಷಿಣಕ್ಕೆ ಹೋದರೆ ತಿರುವನಂತಪುರದ ಹತ್ತಿರ ವೆಂಗಾನೂರು, ಅಯ್ಯಂಕಾಳಿಯವರ ಊರು. 1893ರಲ್ಲಿ ಅವರು ಎತ್ತಿನ ಬಂಡಿ ಏರಿ ಸಾರ್ವಜನಿಕ ರಸ್ತೆಗಿಳಿದರು. ನಮ್ಮವರಿಗೆ ಆ ರಸ್ತೆಯಲ್ಲಿ ನಡೆಯೋದೂ ನಿಷಿದ್ಧವಾಗಿದ್ದ ಕಾಲ ಅದು. ಆಮೇಲೆ 1924ರ ವೈಕಂ. ಅದನ್ನು ದೇವಸ್ಥಾನ ಪ್ರವೇಶದ ಹೋರಾಟ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯುವ ಹೋರಾಟ. ಸುಮಾರು ಇಪ್ಪತ್ತು ತಿಂಗಳು ಹೋರಾಡಿದ ಮೇಲೆ ತೆರೆದದ್ದು ಮೂರು ಕಡೆಯ ರಸ್ತೆ ಮಾತ್ರ.

ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟದ ಜೊತೆ ರಸ್ತೆ ಎಂಬ ಶಬ್ದವೂ ಇದೆ. ಸುಮ್ಮನೆ ಬಂದದ್ದಲ್ಲ.

ಆದರೆ ಪುಸ್ತಕದಿಂದ ರಸ್ತೆಗೆ ಬರೋಕೆ ಹೊತ್ತು ಹಿಡೀತದೆ. ನಮ್ಮಪ್ಪ ಒಂದು ಹಳೇ ಸೈಕಲ್ ಕೊಂಡಿದ್ದ. ಪೇಟೆ ದಾರಿಯಲ್ಲಿ ಒಂದು ದೊಡ್ಡ ಮನೆ ಎದುರು ಬಂದ ಕೂಡಲೇ ಇಳೀತಿದ್ದ, ತಳ್ಳಿಕೊಂಡು ದಾಟಿ ಮತ್ತೆ ಹತ್ತುತ್ತಿದ್ದ. ಇಳಿ ಅಂತ ಯಾರೂ ಹೇಳಿದ್ದನ್ನು ನಾನು ಕಂಡಿಲ್ಲ. ಆ ಮನೆಯ ಯಜಮಾನ ಸತ್ತ ಮೇಲೂ ಇಳೀತಿದ್ದ. ಕೇಳಿದರೆ "ಚೈನ್ ಬೀಳ್ತದೆ ಮಾರಾಯ" ಅಂತಿದ್ದ.

2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ನಮ್ಮ ಕೇರಿಯ ಹೆಣ್ಣುಮಕ್ಕಳು ಬೆಲ್ ಹೊಡೀತಾ ಅದೇ ಮನೆ ಎದುರು ಹೋದರು. ಒಬ್ಬಳೂ ಇಳೀಲಿಲ್ಲ. ಅಪ್ಪ ನೋಡಿದ, ಮಾತಾಡಲಿಲ್ಲ.

ಕೊರೋನಾ ಹೊತ್ತಿಗೆ ಆ ಯೋಜನೆ ನಿಂತಿತು. ಅಷ್ಟರಲ್ಲಿ ಹೆದ್ದಾರಿ ಚತುಷ್ಪಥವಾಗ್ತಾ ಬಂತು. ಕೇರಿ ಆಚೆ, ಶಾಲೆ, ರೇಷನ್ ಅಂಗಡಿ ಈಚೆ, ನಡುವೆ ಡಿವೈಡರ್. ಕಣ್ಣಿಗೆ ಕಾಣುವ ಶಾಲೆಗೆ ಸುತ್ತು ಹಾಕಿ ಹೋಗಬೇಕು, ಇಲ್ಲವಾದರೆ ಡಿವೈಡರ್ ಹತ್ತಿ ಹಾರಬೇಕು. ಸರ್ವಿಸ್ ರಸ್ತೆ ಇಲ್ಲದ ಕಡೆ ಲಾರಿಗೆ ಎದುರಾಗಿ ನಡೆಯಬೇಕು. ಮಳೆಗಾಲದ್ದು ಕೇಳಬೇಡಿ. ಸೈಕಲ್ ಮೂಲೆ ಸೇರಿದ್ದು ಸೋಮಾರಿತನದಿಂದ ಅಲ್ಲ. ಮಗು ಹೋದದ್ದು ವಾಪಸ್ ಬರಬೇಕಲ್ಲ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಂಗಸರು ಬಸ್ ಹತ್ತುತ್ತಾರೆ, ಸಂತೋಷವೇ. ಬಸ್‌ಸ್ಟಾಪಿಗೂ ಹೆದ್ದಾರಿ ದಾಟಿಯೇ ಹೋಗಬೇಕು. ಹುಡುಗರು ಸಂಘದ ಸಾಲದಲ್ಲಿ ಬೈಕ್ ತಗೋತಾರೆ, ಸೈಕಲ್ ಅಂದರೆ ಅವರಿಗೆ ಬಡತನದ ಗುರುತು. ನಾನು ಬಯ್ಯೋದಿಲ್ಲ. ಅಪ್ಪ ಇಳಿದು ತಳ್ಳಿದ್ದನ್ನು ನೋಡಿದವನು ಬಯ್ಯೋದು ಹೇಗೆ? ಕಾರಿನಿಂದ ಇಳಿದು "ನಡೆಯಿರಿ, ಪರಿಸರ ಉಳಿಸಿ" ಅಂತ ಭಾಷಣ ಮಾಡುವವರ ಮೇಲೆ ಮಾತ್ರ ಸಿಟ್ಟು ಬರ್ತದೆ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವ ಹಕ್ಕು 21ನೇ ವಿಧಿಯೊಳಗೇ ಬರ್ತದೆ ಎಂದಿದೆ. ಅದನ್ನೂ 15(2)ನ್ನೂ ಸೇರಿಸಿ ಮನವಿಯ ಕರಡು ಬರೀತಾ ಇದ್ದೇನೆ. ಮುಕ್ರಿ ಕೇರಿ, ಆಗೇರ ಕೇರಿ, ಯಾವುದೇ ಕೇರಿ ಇರಲಿ, ನಿಮ್ಮಲ್ಲಿಂದ ಶಾಲೆಗೆ ನೇರ ಎಷ್ಟು ಹೆಜ್ಜೆ, ಸುತ್ತು ಹಾಕಿದರೆ ಎಷ್ಟು, ಎಣಿಸಿ ಕಾಮೆಂಟಿನಲ್ಲಿ ಹಾಕಿ. ಭಾನುವಾರದೊಳಗೆ ಬೇಕು.